ರತ್ನಾಗೆ ಕೇಳದ ಹಕ್ಕಿ

ಕ್ಲಾರ್ಕ್ಸ್‌ಬರ್ಗಿನ ರತ್ನಾ ಹದಿನೆಂಟು ವರ್ಷಗಳಿಂದ ಪ್ರತಿ ಮೇ ತಿಂಗಳು ನೆವಾಡಾಕ್ಕೆ ಹೋಗಿ, ಮರುಭೂಮಿಯ ನಡುವೆ ಎದ್ದ ಬೆಟ್ಟಸಾಲುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಎಣಿಸುತ್ತಿದ್ದಳು. ಎಣಿಸುವುದು ಹೆಚ್ಚಾಗಿ ಕಿವಿಯಿಂದಲೇ. ಬೆಳಕು ಹರಿಯುವ ಹೊತ್ತಿಗೆ ಗೊತ್ತುಮಾಡಿದ ಜಾಗದಲ್ಲಿ ಹತ್ತು ನಿಮಿಷ ಅಲ್ಲಾಡದೆ ನಿಂತು, ಕೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು. ಪಕ್ಕದಲ್ಲೊಂದು ರೆಕಾರ್ಡರ್ ಇಟ್ಟಿರುತ್ತಿದ್ದಳು. ಅದನ್ನು ತಿರುಗಿ ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಅವಳ ಕಿವಿಗೆ ಅಷ್ಟು ಹೆಸರಿತ್ತು.

2024ರ ಜೂನ್‌ನಲ್ಲಿ ಒಂದು ಭಾನುವಾರ ಹೊಸಬರ ತರಬೇತಿಗೆಂದು ಹಳೆಯ ರೆಕಾರ್ಡಿಂಗ್‌ಗಳನ್ನು ಆರಿಸುತ್ತ ಅಡುಗೆಮನೆಯಲ್ಲಿ ಕೂತಿದ್ದಳು. ಗಂಡ ಶ್ರೀಕರ್ ಹುರುಳಿಕಾಯಿ ಹೆಚ್ಚುತ್ತಿದ್ದ. ಕಾಗೆ, ಕೋಗಿಲೆ ಬಿಟ್ಟರೆ ಬೇರೆ ಹಕ್ಕಿಯ ಗುರುತಿಲ್ಲದ ಮನುಷ್ಯ.

"ಅದೇನೇ ಅದು, ಸೂಜಿ ಚುಚ್ಚಿದ ಹಾಗೆ ಸೀ ಸೀ ಅಂತಿದೆ?"

"ಯಾವ್ದು?"

"ನೋಡು, ಮತ್ತೆ ಬಂತು!"

ರತ್ನಾಗೆ ಕೇಳಿದ್ದು ಗಾಳಿ ಮಾತ್ರ. ಆದರೆ ಪರದೆಯ ಮೇಲಿನ ದನಿಯ ಚಿತ್ರದಲ್ಲಿ, ಮೇಲ್ತುದಿಗೆ, ಐದು ಸಣ್ಣ ಗೀರುಗಳಿದ್ದವು. ಕ್ರೀಪರ್! ಹಳೆಯ ಮರಗಳ ಕಾಂಡಕ್ಕೆ ಅಂಟಿಕೊಂಡು ಹತ್ತುವ ಪುಟ್ಟ ಕಂದು ಹಕ್ಕಿ. ರೆಕಾರ್ಡಿಂಗ್ 2021ರದು, ಬೆಟ್ಟಸಾಲಿನ ಒಂದು ಕಣಿವೆಯದು; ಆ ವರ್ಷ ಅಲ್ಲಿ ಈ ಹಕ್ಕಿ ಒಂದೂ ಇಲ್ಲವೆಂದು ಬರೆದವಳು ಅವಳೇ. ಮರುವರ್ಷವೂ ಹಾಗೇ ಬರೆದಿದ್ದಳು.

ರಾಕ್‌ವಿಲ್‌ನ ಡಾಕ್ಟರ್ ಕಿವಿ ಪರೀಕ್ಷಿಸಿ, ತೀರಾ ಮೇಲಿನ ಸ್ವರಗಳು ಹೋಗಿ ಐದಾರು ವರ್ಷವೇ ಆಗಿರಬೇಕು ಎಂದರು. ಐವತ್ತೆಂಟಕ್ಕೆ ಇದು ಸಹಜ, ಮಾತು ಚೆನ್ನಾಗಿ ಕೇಳುತ್ತದಲ್ಲ, ಗಾಬರಿ ಬೇಡ ಎಂದರು.

ಕಾರಿನಲ್ಲಿ ಅವಳು ಶ್ರೀಕರ್‌ನತ್ತ ತಿರುಗಿದಳು.

"ಆ ಹಕ್ಕಿ ಇದ್ದಿದ್ರೆ ಅಲ್ಲಿ ಹಳೇ ಮರ ಮುಟ್ಟೋ ಹಾಗಿರ್ಲಿಲ್ಲ ರೀ. ನಾನು ಇಲ್ಲ ಅಂತ ರಿಪೋರ್ಟ್ ಕೊಟ್ಟೆ. ಕಾಡ್ಗಿಚ್ಚಿನ ಭಯಕ್ಕೆ ಹೋದ್ವರ್ಷ ಕಟ್ ಮಾಡ್ಬಿಟ್ರು."

"ನಿಂಗೇನು ಗೊತ್ತಿತ್ತಾ?"

"ಗೊತ್ತಿರ್ಬೇಕಿತ್ತು. ಇನ್ನೇನಿತ್ತು ನನ್ ಕೆಲ್ಸ?"

ಅಂದೇ, ಹಕ್ಕಿ ಎಣಿಕೆ ಮಾಡಿಸುವ ಕಚೇರಿಗೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದಳು. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಬಂದದ್ದು ಎರಡು ಸಾಲು: ತಿದ್ದುಪಡಿ ಸ್ವೀಕರಿಸಿದ್ದೇವೆ, ಮರ ಕಡಿಯುವ ಕೆಲಸ ಮುಗಿದಿರುವುದರಿಂದ ಮುಂದಿನ ಕ್ರಮ ಉಳಿದಿಲ್ಲ.

ಮರ ಕಡಿದ ಮೇಲೆ, ಆ ವರ್ಷದ ಮೇ ತಿಂಗಳಲ್ಲಿ ಅದೇ ಕಣಿವೆಯಲ್ಲಿ ಮಾಡಿದ ರೆಕಾರ್ಡಿಂಗ್ ಇನ್ನೂ ಇತ್ತು; ಕ್ರೀಪರ್ ಒಂದಾದರೂ ಉಳಿದಿದೆಯೇ ಎಂದು ಕೇಳಬೇಕಿತ್ತು. ಶ್ರೀಕರ್ ರಜೆ ಹಾಕಿ ಹೆಡ್‌ಫೋನ್ ಹಾಕಿಕೊಂಡು ಕೂತ. ಅವಳು ಎದುರಿಗೆ ಕೂತು ಅವನ ಮುಖವನ್ನೇ ನೋಡಿದಳು. ಕಣಿವೆಯ ಆರು ಜಾಗ, ಒಂದೊಂದಕ್ಕೆ ಹತ್ತು ನಿಮಿಷ. ಮೊದಲ ಐದಕ್ಕೂ ಅವನು ಇಲ್ಲವೆಂದು ತಲೆಯಾಡಿಸಿದ. ಕೊನೆಯದರಲ್ಲಿ ಅವನ ಹುಬ್ಬು ಮೇಲೇರಿತು.

"ಏನೋ ಕೂಗ್ತಿದೆ ಕಣೇ! ಜೋರಾಗೇ ಇದೆ, ಕೇಳು."

ಹೆಡ್‌ಫೋನ್ ಕಿತ್ತುಕೊಂಡು ಕಿವಿಗಿಟ್ಟಳು. ಅವಳಿಗೂ ಕೇಳಿತು, ಸ್ಪಷ್ಟವಾಗಿ.

"ಇದು ಪೊದೆ ಹಕ್ಕಿ. ಮರ ಇಲ್ದಿರೋ ಕಡೆ ಬರತ್ತೆ."

"ಒಂದಾದ್ರೂ ಇದೆಯಲ್ಲ," ಎಂದ ಶ್ರೀಕರ್, ಮೆಲ್ಲಗೆ.

ಆ ಹಕ್ಕಿ ಉಳಿದಷ್ಟು ಹೊತ್ತೂ ಬಿಡದೆ ಹಾಡಿತು. ಅವಳು ಕೊನೆಯವರೆಗೂ ಕೇಳಿದಳು.