ಹೊನ್ನೂರಮ್ಮನ ಡಿಸೆಂಬರ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಪುಸ್ತಕದಿಂದ ಶುರು ಮಾಡಿದರೆ ನಿಮಗೆ ಆಕಳಿಕೆ ಬರುತ್ತದೆ. ಮಣ್ಣಿನಿಂದ ಮಾಡಿದರೆ ಇದೇನೋ ಗಂಭೀರ ಕಥೆ ಇರಬೇಕು ಅಂತ ಬೆನ್ನು ನೆಟ್ಟಗೆ ಮಾಡಿ ಕೂತುಬಿಡುತ್ತೀರಿ, ಆಮೇಲೆ ನನಗೆ ಸಂಕೋಚ. ಮೊದಲ ಡ್ರಾಫ್ಟಿನಲ್ಲಿ ಬಳ್ಳಾರಿ ಗುಡ್ಡದ ಮೇಲೆ ಸೂರ್ಯನನ್ನು ಹುಟ್ಟಿಸಿದ್ದೆ. ಒಂದೂವರೆ ಪುಟವಾದರೂ ಅವನು ಅಲ್ಲಿಂದ ಕದಲಲಿಲ್ಲ. ಹರಿದು ಹಾಕಿದೆ.

ಎರಡನೇ ಡ್ರಾಫ್ಟ್ ಹೀಗಿತ್ತು: ‘೧೯೪೯ರ ಸೆಪ್ಟೆಂಬರಿನಲ್ಲಿ ಹೊನ್ನೂರಮ್ಮ ಎಂಬ ಇಪ್ಪತ್ತಾರು ವರ್ಷದ ಹೆಂಗಸು ಇಂಗ್ಲಿಷ್ ಪರೀಕ್ಷೆ ಕೊಡಲು ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟಳು. ಆಕೆಗೆ ಸೆಪ್ಟೆಂಬರ್‌ವರೆಗಿನ ಇಂಗ್ಲಿಷ್ ಮಾತ್ರ ಬರುತ್ತಿತ್ತು.’

ಇದು ಪರವಾಗಿಲ್ಲ. ಇದನ್ನೇ ಇಟ್ಟುಕೊಳ್ಳೋಣ.

೨

ಹೊನ್ನೂರಮ್ಮ ನನ್ನ ಅಜ್ಜಿಯ ತಂಗಿ, ನನಗೆ ಸಣ್ಣಜ್ಜಿ. ಆ ಸೆಪ್ಟೆಂಬರಿನಲ್ಲಿ ನಾನು ಹುಟ್ಟಲು ಇನ್ನೂ ಇಪ್ಪತ್ತೆರಡು ವರ್ಷ ಬಾಕಿ ಇತ್ತು. ಆದರೂ ಮುಂದೆ ಹೇಳುವುದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. (ನಂಬುವುದು ಕಷ್ಟವಾದರೆ ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಕೆಲವರಿಗೆ ಎರಡನೇ ಸಲಕ್ಕೆ ನಂಬಿಕೆ ಬರುತ್ತದೆ.) ಕಥೆಯೊಳಗೆ ಅವಳಿಗೆ ಇಪ್ಪತ್ತಾರು, ನನಗೆ ಐವತ್ತು ದಾಟಿದೆ. ಆದರೂ ನನ್ನನ್ನು ‘ಲೇ ತಮ್ಮಾ’ ಅಂತಲೇ ಕರೆಯುತ್ತಾಳೆ.

ಹುಟ್ಟಿದ್ದು ಕುರುಗೋಡಿನ ಕುಂಬಾರರ ಮನೆಯಲ್ಲಿ. ಕೊಟ್ಟದ್ದು ಸಿರುಗುಪ್ಪಕ್ಕೆ, ಕುಂಬಾರ ಮೂಕಪ್ಪನಿಗೆ. ಚಕ್ರ ಗಂಡಸರದು, ಕೈಗೊಂಬೆ ಹೆಂಗಸರದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ದೀಪಾವಳಿಗೆ ಪಣತಿ. ಅವಳ ವರ್ಷ ಹೀಗೆ ಕೈಯೊಳಗೇ ತಿರುಗುತ್ತಿತ್ತು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಾಸ್ತರು ಮರಿಬಸಪ್ಪನವರು ಅದನ್ನು ನೋಡಿ, ನಾಲ್ಕನೇ ಕ್ಲಾಸು ಓದಿದ್ದ ಅವಳನ್ನು ಕರೆದು ಟೆಂಪರರಿ ಕ್ರಾಫ್ಟ್ ಟೀಚರ್ ಮಾಡಿದರು. ಮೂವತ್ತು ಹುಡುಗಿಯರು ಅವಳ ಸುತ್ತ ಕೂತು ಮೊಣಕೈವರೆಗೆ ಮಣ್ಣಾಗಿ ಮನೆಗೆ ಹೋಗುತ್ತಿದ್ದರು. ಅವಳಿಗೆ ಅದಕ್ಕಿಂತ ಬೇರೆ ಸುಖ ಬೇಕಿರಲಿಲ್ಲ.

ಆಗ ನಮ್ಮ ಬಳ್ಳಾರಿ ಸೀಮೆ ಮದ್ರಾಸ್ ಸರ್ಕಾರದ್ದು. ೧೯೪೮ರ ಶುರುವಿಗೇ ಮದ್ರಾಸಿನಿಂದ ಕಾಗದ ಬಂತು: ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಇನ್‌ಸ್ಪೆಕ್ಟ್ರೆಸ್ ಬಳ್ಳಾರಿಗೆ ಬರುತ್ತಾರೆ, ಕ್ರಾಫ್ಟ್ ಟೀಚರುಗಳು ಇಂಗ್ಲಿಷ್ ಕೈಪಿಡಿಯ ಒಂದು ಪಾಠ ಓದಿ ಅರ್ಥ ಹೇಳಬೇಕು. ಹೇಳಿದರೆ ಪರ್ಮನೆಂಟ್. ಇಲ್ಲದಿದ್ದರೆ ಆ ಮೂವತ್ತು ಹುಡುಗಿಯರು ಬೇರೆಯವರಿಗೆ.

೩

ಇನ್ನು ಪುಸ್ತಕ. (ಆಕಳಿಸಿಕೊಳ್ಳಿ, ನಾನು ಕಾಯುತ್ತೇನೆ.)

೧೯೪೭ರಲ್ಲಿ ಬಳ್ಳಾರಿ ಕಂಟೋನ್ಮೆಂಟಿನ ಒಬ್ಬ ದೊರೆಸಾನಿ ತನ್ನ ದೇಶಕ್ಕೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದಳು. ಬ್ರೂಸ್‌ಪೇಟೆಗೆ ಮಡಿಕೆ ಗಾಡಿ ಹೊಡೆದುಕೊಂಡು ಹೋಗಿದ್ದ ಮೂಕಪ್ಪನನ್ನು ನಿಲ್ಲಿಸಿ ಎರಡು ಹೂಜಿ ತಗೊಂಡಳು, ಹಡಗಿನಲ್ಲಿ ತಣ್ಣೀರಿಗಂತೆ. ಬದಲಿಗೆ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟಳು. ಮೂಕಪ್ಪ ಅದನ್ನು ಗಾಡಿಯಲ್ಲಿ ಹೂಜಿಗಳ ಜಾಗದಲ್ಲೇ ಇಟ್ಟು, ಹುಲ್ಲು ಒತ್ತರಿಸಿ, ಒಡೆಯದ ಹಾಗೆ ಮನೆಗೆ ತಂದ.

ಅದರಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಅಧ್ಯಾಯ. ಪ್ರತಿ ತಿಂಗಳಿಗೂ ಮೂರು ಸಂಗತಿ: ಒಂದು ಪದ ಎಲ್ಲಿಂದ ಬಂತು, ಆ ತಿಂಗಳಲ್ಲಿ ಹಿಂದೆ ಏನು ನಡೆದಿತ್ತು, ಆ ತಿಂಗಳಲ್ಲಿ ಅವರ ಹಳ್ಳಿಗಳಲ್ಲಿ ಕೈಯಿಂದ ಏನು ಮಾಡುತ್ತಾರೆ. ದೊರೆಸಾನಿ ಒಂದಕ್ಷರ ಓದಿರಲಿಲ್ಲ. ಹೇಗೆ ಗೊತ್ತು ಅಂದರೆ, ಹಾಳೆಗಳನ್ನು ಮಡಿಚಿ ಹೊಲಿದವರು ಅಂಚು ಕತ್ತರಿಸಿರಲಿಲ್ಲ. ಮಡಿಚಿದ ಪ್ರತಿ ಹಾಳೆಯೂ ಮೇಲೆ ಮತ್ತು ಬದಿಗೆ ಕೂಡಿಕೊಂಡು, ಕೆಳಗೆ ಮಾತ್ರ ಜೇಬಿನ ಹಾಗೆ ಬಾಯಿ ಬಿಟ್ಟಿತ್ತು.

ಮರಿಬಸಪ್ಪನವರು ಒಂದು ವರ್ಷ ಅಕ್ಷರ ಕಲಿಸಿ, ಒಂದು ಹಳೇ ಡಿಕ್ಷನರಿ ಕೊಟ್ಟರು. ೧೯೪೯ರ ಜನವರಿ ಒಂದನೇ ತಾರೀಖು ಹೊನ್ನೂರಮ್ಮ ಮಡಿಕೆಯ ಅಂಚು ಸವರುವ ಬಿದಿರಿನ ಸೀಳಿನಿಂದ ಜನವರಿಯ ಹಾಳೆಗಳನ್ನು ಮಾತ್ರ ಬಿಡಿಸಿದಳು. ಫೆಬ್ರವರಿಯನ್ನು ಮುಟ್ಟಲಿಲ್ಲ. ಹದಿನೈದು ದಿನ ನೋಡಿ ಹೆಡ್‌ಮಾಸ್ತರಿಗೆ ತಡೆಯಲಾಗಲಿಲ್ಲ. ಎಲ್ಲ ಹಾಳೆ ಒಂದೇ ದಿನ ಸೀಳಿ ಓದಿಬಿಡಮ್ಮ, ಸೆಪ್ಟೆಂಬರಿಗೆ ಪರೀಕ್ಷೆ ಐತಿ ಅಂದರು.

“ಜನವರಿ ಇನ್ನಾ ಹಸಿ ಐತ್ರಿ ಸರ,” ಅಂದಳು. “ಒಣಗ್ಲಿ.”

೪

ಅವಳ ನಿಯಮ ಇಷ್ಟೇ. ಓದಿದ್ದನ್ನು ಕೈಯಿಂದ ಮಾಡಬೇಕು. ಮಾಡಿದ್ದು ಒಣಗಬೇಕು. ಆಮೇಲೆ ಮುಂದಿನ ತಿಂಗಳು.

ಜನವರಿ ಅನ್ನುವ ಹೆಸರು ಹಿಂದಕ್ಕೂ ಮುಂದಕ್ಕೂ ಮುಖವಿದ್ದ ಒಬ್ಬ ಹಳೇ ದೇವರಿಂದ ಬಂತಂತೆ. ಎರಡು ಮುಖದ ಗೊಂಬೆ ಮಾಡಿ, ಒಂದು ಮುಖವನ್ನು ತವರಿನ ಕಡೆಗೂ ಇನ್ನೊಂದನ್ನು ಗಂಡನ ಮನೆಯ ಕಡೆಗೂ ತಿರುಗಿಸಿ ಕಿಟಕಿಯಲ್ಲಿಟ್ಟಳು. ಅದೇ ತಿಂಗಳಲ್ಲಿ ಆ ದೇಶದವರು ಒಮ್ಮೆ ತಮ್ಮ ರಾಜನ ತಲೆಯನ್ನೇ ತೆಗೆದಿದ್ದರಂತೆ. ಮಣ್ಣಿನ ರಾಜನನ್ನು ಮಾಡಿ, ದಾರದಿಂದ ಕತ್ತು ಕೊಯ್ದಳು. ಮೂಕಪ್ಪ ಬೀಡಿ ಆರಿಸಿ ಬಂದು ನೋಡಿದ.

“ಅವರ ರಾಜನ್ನ ಅವರಾ ಕಡದಾರ? ಮತ್ತ ನಮ್ಮವರು ಅಷ್ಟು ವರ್ಷ ಉಪಾಸ ಕುಂತಿದ್ದು ಯಾಕ?”

ಫೆಬ್ರವರಿಯ ಹಿಮಕ್ಕೆ ಜಿನ್ನಿಂಗ್ ಮಿಲ್ಲಿನ ಹತ್ತಿ ತರಿಸಿ ಅಂಗಳದ ತುಂಬ ಹರಡಿದಳು. ಅದನ್ನು ನೋಡಿ ಪಕ್ಕದ ಮನೆಯ ಆಡು ಮೂರು ದಿನ ಗಡಗಡ ನಡುಗಿತು. ಏಪ್ರಿಲಿನಲ್ಲಿ ಮೊಟ್ಟೆಗೆ ಈರುಳ್ಳಿ ಸಿಪ್ಪೆ ಸುತ್ತಿ ಕುದಿಸಿ ಬಣ್ಣ ಹಿಡಿಸುವುದು. ನಮ್ಮ ಕಡೆ ಈರುಳ್ಳಿಗೇನು ಬರ? ಜೂನಿನಲ್ಲಿ ಕುರಿ ಉಣ್ಣೆ, ಜುಲೈಯಲ್ಲಿ ಚಾಪೆ ಹೆಣೆಯಲು ಹೊಳೆದಂಡೆಯ ಆಪಿನ ಹುಲ್ಲು. ಸೆಪ್ಟೆಂಬರಿನಲ್ಲಿ ಕೊಯ್ಲಿನ ಕೊನೆಯ ಕಂತೆಯಿಂದ ಹೆಣ್ಣುಗೊಂಬೆ ಹೆಣೆಯುತ್ತಾರಂತೆ. ಅವರದ್ದು ಗೋಧಿ, ಇವಳದ್ದು ಸಿರುಗುಪ್ಪದ ಬತ್ತದ ಹುಲ್ಲು. ಗೊಂಬೆಗೆ ಕುಂಕುಮವನ್ನೂ ಇಟ್ಟಳು.

ಹೀಗೆ ಇಂಗ್ಲಿಷು ಅವಳ ಮನೆಯ ಗೋಡೆಗೂಡಿನಲ್ಲಿ ಸಾಲಾಗಿ ಕೂತಿತ್ತು. ನನ್ನ ಇಂಗ್ಲಿಷು ಮೂವತ್ತು ವರ್ಷದ್ದು. ಒಂದು ಪದವನ್ನೂ ಕೈಯಲ್ಲಿ ಹಿಡಿದು ತೋರಿಸಲಾರೆ.

೫

“ಲೇ ತಮ್ಮಾ, ಆಡು ನಡುಗಿದ್ದಿಲ್ಲ.”

ಕಥೆಯಲ್ಲಿ ನಡುಗಲಿ ಬಿಡು ಸಣ್ಣಜ್ಜಿ ಅಂದೆ.

“ಆಡು ನಡುಗ್ಲಿ. ಆದ್ರ ನನ್ನ ಅಳಿಸಬ್ಯಾಡ. ಮುಂದಿನ ಹಾಳ್ಯಾಗ ಅಳಸಾಕ ಹೊಂಟೀ, ಗೊತ್ತೈತಿ ನನಗ.”

ನಿಜ. ಪರೀಕ್ಷೆಯ ಹಿಂದಿನ ದಿನ ಅವಳನ್ನು ಒಲೆ ಮುಂದೆ ಕೂರಿಸಿ ಎರಡು ಪ್ಯಾರಾ ಉದ್ದಕ್ಕೂ ಕಣ್ಣೀರು ಹಾಕಿಸಿದ್ದೆ. ಚೆನ್ನಾಗಿ ಬಂದಿತ್ತು. ತೆಗೆದುಹಾಕಿದೆ. ಅವತ್ತು ಅವಳು ನಿಜವಾಗಿ ಮಾಡಿದ್ದು ಒಂದು ಪಣತಿ. ಹಿಡಿಕೆ ಇರುವ ಪಣತಿ, ಇನ್ನೂ ಸುಡದ ಹಸಿಯದು. ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಕೈ ಖಾಲಿ ಇದ್ದರೆ ಮಾತು ಬರೋದಿಲ್ಲ ಅಂದಳು.

(೬ ಕಾಣೆಯಾಗಿದೆ. ಆಡಿನ ಮೇಲೆ ಅನುಮಾನ.)

೭

ಕಂಟೋನ್ಮೆಂಟಿನ ಒಂದು ಹಳೇ ಬಂಗಲೆ. ಇನ್‌ಸ್ಪೆಕ್ಟ್ರೆಸ್ ಅಮ್ಮನವರು ತಮಿಳಿನವರು, ಕನ್ನಡ ಬಾರದು. ಮರಿಬಸಪ್ಪನವರು ತೆಲುಗಿನಲ್ಲಿ ಮಾತಾಡಿ ನೋಡಿದರು, ಅದೂ ನಡೆಯಲಿಲ್ಲ. ಅಮ್ಮನವರು ಕೈಪಿಡಿ ತೆರೆದು ಮುಂದಿಟ್ಟರು. ಮಣ್ಣಿನ ದೀಪ ಮಾಡುವ ಪಾಠ.

ಹೊನ್ನೂರಮ್ಮ ಗಟ್ಟಿಯಾಗಿ ಓದಿದಳು. ಪ್ರತಿ ವಾಕ್ಯಕ್ಕೂ ಕೈ ತಾನಾಗಿ ಗಾಳಿಯಲ್ಲಿ ಅದನ್ನು ಮಾಡುತ್ತಿತ್ತು: ಮಣ್ಣು ಮಿದಿ, ತಟ್ಟು, ತುಟಿ ಚಿವುಟು, ಹಿಡಿಕೆ ಹಚ್ಚು. ಐದನೇ ಸಾಲಿಗೆ ನಿಂತಳು.

ಅಮ್ಮನವರು ಪೆನ್ನಿನ ಮುಚ್ಚಳ ತೆಗೆದರು. ಬಾಗಿಲ ಬಳಿ ನಿಂತಿದ್ದ ಮರಿಬಸಪ್ಪನವರು ಕಣ್ಣು ಮುಚ್ಚಿಕೊಂಡರು. (ನಾನು ಇನ್ನೂ ಹುಟ್ಟಿರಲಿಲ್ಲ, ಆದರೂ ಉಸಿರು ಹಿಡಿದಿದ್ದೆ.)

“ದಿಸ್ ಲೈನ್ ಐ ಕ್ಯಾನ್ ರೀಡ್, ಮೇಡಂ,” ಅಂದಳು. “ಐ ವಿಲ್ ನಾಟ್.”

“ವೈ?”

“ದಿ ಪಾಟ್ ವಿಲ್ ಡೈ.”

ಅಮ್ಮನವರು ಪುಸ್ತಕ ತಿರುಗಿಸಿ ನೋಡಿದರು. ಹಿಡಿಕೆ ಹಚ್ಚಿದ ಕೂಡಲೇ ಬೆಂಕಿಗೆ ಇಡಬೇಕು ಅಂತ ಅಚ್ಚಾಗಿತ್ತು. ಇದು ಸರ್ಕಾರದ ಪುಸ್ತಕ, ದೊಡ್ಡ ದೊಡ್ಡವರು ಬರೆದದ್ದು ಅಂದರು ಇಂಗ್ಲಿಷಿನಲ್ಲಿ.

“ಹಿ ಡಿಡ್ ನಾಟ್ ವೇಟ್,” ಅಂದಳು ಹೊನ್ನೂರಮ್ಮ.

ಚೀಲದಿಂದ ಹಸಿ ಪಣತಿ ತೆಗೆದು ಮೇಜಿನ ಮೇಲಿಟ್ಟಳು. ಹತ್ತು ದಿನ ನೆರಳಿನಲ್ಲಿಡಿ, ಆಮೇಲೆ ಸುಡಿ, ಆಮೇಲೆ ಆ ಸಾಲು ಓದಿ. ಇದನ್ನೆಲ್ಲ ಅವಳು ಒಂಬತ್ತು ತಿಂಗಳ ಇಂಗ್ಲಿಷಿನಲ್ಲೇ ಹೇಳಿದಳು, ಸ್ವಲ್ಪವೂ ಕಮ್ಮಿ ಬೀಳಲಿಲ್ಲ.

ನಾನೂ ಆಫೀಸರ ಮುಂದೆ ಕೂತವನೇ. ಅಚ್ಚಾದದ್ದನ್ನೆಲ್ಲ ತಪ್ಪಿಲ್ಲದೆ ಓದಿ, ತಪ್ಪನ್ನೂ ತಪ್ಪಿಲ್ಲದೆ ಓದಿ, ಪಾಸಾದವನು.

೮

ಈಗ ಮುಕ್ತಾಯ. ಮೂರಿವೆ, ಆರಿಸಿಕೊಳ್ಳಿ.

ಅ) ಇನ್‌ಸ್ಪೆಕ್ಟ್ರೆಸ್ ಎದ್ದು ನಿಂತು ಕೈಕುಲುಕಿ, ಅಲ್ಲೇ ಆರ್ಡರ್ ಬರೆದುಕೊಟ್ಟರು. ಹಿನ್ನೆಲೆಯಲ್ಲಿ ಪಿಟೀಲು. ಸಣ್ಣಜ್ಜಿ ಇದನ್ನು ಓದಿ ಎಲೆಅಡಿಕೆ ಉಗುಳಲು ಹೊರಗೆ ಹೋದಳು.

ಆ) ಫೇಲ್. ಸಿರುಗುಪ್ಪದಲ್ಲಿ ಮೂವತ್ತು ಹುಡುಗಿಯರು ಗೋಳೋ ಅಂತ ಅತ್ತರು.

“ಅವು ಯಾಕ ಅಳ್ತಾವ? ಅವಕ್ಕ ಅವತ್ತು ಸೂಟಿ.”

ಇ) ಅಮ್ಮನವರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. ಪಣತಿಯನ್ನು ಅದೇ ಒದ್ದೆ ಬಟ್ಟೆಯಲ್ಲಿ ಸುತ್ತಿ, ಗುಂತಕಲ್ಲಿಗೆ ಹೋಗುವ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟುಹೋದರು.

ನಡೆದದ್ದು ಇದೇ. ಇದನ್ನು ಮುಕ್ತಾಯ ಅಂತ ಹೇಗೆ ಕರೆಯುವುದು ಅಂತ ಕೇಳುತ್ತೀರಿ. ನಾನೂ ಕೇಳಿದೆ.

(೯ನ್ನೂ ಆಡೇ ತಿಂದಿರಬೇಕು.)

೧೦

ಅಕ್ಟೋಬರಿನಲ್ಲಿ ಗಡ್ಡೆ ಕೊರೆದು ಲಾಟೀನು ಮಾಡುವುದಿತ್ತು. ಅವಳು ಸೋರೆಕಾಯಿ ಕೊರೆದಳು. ನವೆಂಬರಿನಲ್ಲಿ ಸಿಕ್ಕಿಹಾಕಿಕೊಂಡಳು.

ನವೆಂಬರಿನ ಪದ ಮಂಜು. ಹಿಮವಲ್ಲ, ನೆಲಕ್ಕಿಳಿಯುವ ಮಂಜು. ಕೈ ಮುಂದೆ ಚಾಚಿದರೆ ನಮ್ಮ ಕೈ ನಮಗೇ ಕಾಣಬಾರದು, ಅದು ಮಂಜು ಅಂತ ಪುಸ್ತಕ ಹೇಳುತ್ತಿತ್ತು. ಮತ್ತೆ ಹತ್ತಿ ತರಿಸಲೇನು ಅಂತ ಮೂಕಪ್ಪ ಕೇಳಿದ. ಹತ್ತಿ ಹಿಮ ಆಗುತ್ತದೆ, ಮಂಜು ಆಗೋದಿಲ್ಲ ಅಂದಳು. ದಿನಾ ಬೆಳಗಾಗುವ ಮೊದಲೇ ಹೊಳೆದಂಡೆಗೆ ಹೋಗಿ ಕೈ ಚಾಚಿ ನಿಲ್ಲುತ್ತಿದ್ದಳು. ನಮ್ಮ ಸೀಮೆಯ ಸೂರ್ಯ ನಿಮಗೆ ಗೊತ್ತು, ಮೊದಲ ಡ್ರಾಫ್ಟಿನಲ್ಲೇ ನೋಡಿದ್ದೀರಿ. ತೆಳ್ಳಗೆ ಹೊಗೆಯಂಥದ್ದು ಏಳುತ್ತಿತ್ತು. ಐದು ಬೆರಳೂ ಎಣಿಸಬಹುದಿತ್ತು.

ಡಿಸೆಂಬರಿನಲ್ಲಿ ಮದ್ರಾಸಿನಿಂದ ಲಕೋಟೆ ಬಂತು. ಅರಗಿನ ಮುದ್ರೆ. ಒಡೆಯಮ್ಮಾ ಅಂತ ಮರಿಬಸಪ್ಪನವರು, ಒಡಿ ಅಂತ ಮೂಕಪ್ಪ. ಅವಳು ಲಕೋಟೆಯನ್ನು ಬೆಳಕಿಗೆ ಸಹ ಹಿಡಿಯಲಿಲ್ಲ. ಪುಸ್ತಕ ತೆಗೆದು, ಡಿಸೆಂಬರಿನ ಬಿಡಿಸದ ಹಾಳೆಯ ಜೇಬಿನೊಳಗೆ ಕೆಳಗಿನಿಂದ ತೂರಿಸಿದಳು.

“ಇದು ಡಿಸೆಂಬರಿಂದು. ನವೆಂಬರ್ ಇನ್ನಾ ಒಣಗಿಲ್ಲ.”

ಮಾರನೇ ದಿನ ಎಂದಿನಂತೆ ಶಾಲೆಗೆ ಹೋದಳು. ಬೇಡ ಅಂತ ಯಾರೂ ಅನ್ನಲಿಲ್ಲ. (ಹೆಡ್‌ಮಾಸ್ತರಿಗೂ ಒಂದು ಕಾಪಿ ಬಂದಿರಬೇಕಲ್ಲ ಅನ್ನುವ ಓದುಗರು ಇದ್ದೇ ಇರುತ್ತಾರೆ. ಬಂದಿರಬಹುದು. ಮರಿಬಸಪ್ಪನವರು ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಅದೂ ಒಂದು ಉತ್ತರವೇ; ಯಾವ ಉತ್ತರ ಅಂತ ಗೊತ್ತಿಲ್ಲ.) ೧೯೫೩ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಹೊಸ ಆಫೀಸರು ಬಂದು ನೋಡಿದಾಗ ಒಬ್ಬ ಹೆಂಗಸು ಕಲಿಸುತ್ತಿದ್ದಳು, ಸುತ್ತ ಮೂವತ್ತು ಹುಡುಗಿಯರು ಕಲಿಯುತ್ತಿದ್ದರು. ಅವರು ಟೀಚರ್ ಅಂತ ಬರೆದುಕೊಂಡು ಹೋದರು.

೧೧

“ಸಣ್ಣಜ್ಜಿ, ಮಂಜು ಬರೇ ನೆಪ. ನಿನಗ ಆ ಪತ್ರದ ಅಂಜಿಕಿ ಇತ್ತು.”

ಅವಳು ಸೆರಗಿಗೆ ಕೈಯ ಮಣ್ಣು ಒರೆಸಿಕೊಂಡಳು. ಇಷ್ಟು ಹೊತ್ತು ನನ್ನ ಮೇಲೆ ಹರಿಹಾಯುತ್ತಿದ್ದವಳು ಈಗ ಹಾಯಲಿಲ್ಲ.

“ಇತ್ತು,” ಅಂದಳು. “ಇದ್ರ ಏನೀಗ? ಅದರಾಗ ಏನಾರ ಬರದಿರ್ಲಿ, ಬೆಳಗಾದ್ರ ಹುಡುಗ್ರು ಬರ್ತಿದ್ವು.”

ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಹನ್ನೊಂದು ತಿಂಗಳು ತೆರೆದಿದೆ, ಹನ್ನೆರಡನೆಯದು ಸ್ವಲ್ಪ ಉಬ್ಬಿದೆ. ಬಿದಿರಿನ ಸೀಳೂ ಪಕ್ಕದಲ್ಲೇ ಇದೆ. ಲಕೋಟೆ ಜೇಬಿನಲ್ಲಿದೆಯಲ್ಲ, ಎರಡು ಬೆರಳು ಹಾಕಿ ಎಳೆದರೆ ಬರುತ್ತದೆ ಅನ್ನುತ್ತೀರಿ. ನಾನೂ ಅಂದುಕೊಂಡೆ. ಕಥೆಗಾರನಿಗೆ ಅಷ್ಟೂ ಹಕ್ಕಿಲ್ಲವೇ?

ಆದರೆ ಮೊದಲು ಅವಳ ನವೆಂಬರ್ ಒಣಗಬೇಕಲ್ಲ, ಅದಕ್ಕೇ ಹೋದ ನವೆಂಬರಿನಲ್ಲಿ ಸಿರುಗುಪ್ಪಕ್ಕೆ ಹೋಗಿದ್ದೆ. ಬೆಳಗಾಗುವ ಮೊದಲೇ ಹೊಳೆದಂಡೆಗೆ ಇಳಿದು, ಕೈ ಮುಂದೆ ಚಾಚಿ ನಿಂತೆ.

ಕೈ ಚೆನ್ನಾಗಿಯೇ ಕಾಣುತ್ತಿತ್ತು.