ಟ್ಯಾಂಕ್ ಅಜ್ಜಿಯ ಕೈಗೆ ಹೋದ ಫೋನು

ಪ್ಲಂಬರನ ಫೋನಿಗೆ ಹನ್ನೊಂದು ವರ್ಷ ತುಂಬಿತ್ತು. ಗುಂಡಿ ಒತ್ತುವ ಫೋನು. ಐದರ ಗುಂಡಿಯ ಮೇಲಿನ ಅಂಕಿ ಸವೆದು ಮಾಯವಾಗಿತ್ತು. ಹಿಂದಿನ ಮುಚ್ಚಳ ಕಪ್ಪು ಟೇಪಿನ ಆಧಾರದ ಮೇಲೆ ನಿಂತಿತ್ತು. ಎರಡು ಸಲ ಬಕೆಟ್ಟಿಗೆ, ಒಂದು ಸಲ ಹೇಳಬಾರದ ಜಾಗಕ್ಕೆ ಬಿದ್ದು, ಮೂರು ಸಲವೂ ಒರೆಸಿಕೊಂಡು ಎದ್ದು ಬಂದಿದ್ದ ಫೋನು ಅದು. ಪ್ಲಂಬರನಿಗೆ ಅದರ ಮೇಲೆ ಒಡಹುಟ್ಟಿದವರ ಮೇಲಿದ್ದಷ್ಟು ಪ್ರೀತಿ. ಅವನ ಹೆಂಡತಿಗೆ ಒಡಹುಟ್ಟಿದವಳ ಗಂಡನ ಮೇಲಿದ್ದಷ್ಟು ಸಿಟ್ಟು.

ಸಿಟ್ಟಿಗೆ ಕಾರಣವಿತ್ತು. ಅಂಗಡಿಯಿಂದ ಯಾವ ಸೋಪು ತರಬೇಕು ಅಂತ ಅವಳು ಚಿತ್ರ ಕಳಿಸಿದರೆ ಅವನ ಫೋನಿನಲ್ಲಿ ಒಂದು ಖಾಲಿ ಚೌಕ ಬರುತ್ತಿತ್ತು. ಅವನು ಆ ಚೌಕವನ್ನು ಅಂಗಡಿಯವನಿಗೆ ತೋರಿಸಿ, ಅವನು ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಿದ್ದ. ಹೀಗಾಗಿ ಆ ಮನೆಯಲ್ಲಿ ಬಟ್ಟೆ ಒಗೆಯುವ ಸೋಪು ಆರು ತಿಂಗಳಿಗಾಗುವಷ್ಟಿತ್ತು, ಮೈಗೆ ಹಚ್ಚುವುದು ಒಂದೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಅವಳ ತಮ್ಮ ಒಂದು ವಾರಕ್ಕೆಂದು ಬಂದಿಳಿದ. ಅವನಿಗೆ ಮೊಬೈಲ್ ಅಂಗಡಿಯಲ್ಲಿ ಕೆಲಸ. ಅಂಗಡಿಗೆ ಬಣ್ಣ ಹೊಡೆಸುತ್ತಿದ್ದುದರಿಂದ ಸೋಮವಾರದವರೆಗೆ ಬಾಗಿಲು ಮುಚ್ಚಿತ್ತು. ಆದರೆ ಮಾಲೀಕರು ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ. "ಹೊಸ ಫೋನಿನ ಬಗ್ಗೆ ಎಲ್ಲರೂ ಬರೀತಾರೆ. ನೀನು ಒಂದು ಹಳೇ ಫೋನು ಹಿಡಿ. ದಿನನಿತ್ಯಕ್ಕೆ ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತಾ ಇಲ್ಲವಾ, ಅಂಕ ಕೊಟ್ಟು ಬರಿ" ಅಂದಿದ್ದರು.

"ಹಳೇದು ಅಂದ ತಕ್ಷಣ ನಿಮ್ಮ ನೆನಪೇ ಬಂತು ಭಾವ" ಎಂದ ಭಾಮೈದ, ಚೀಲದಿಂದ ನೋಟ್‌ಬುಕ್ ತೆಗೆಯುತ್ತ.

ಮೊದಲ ದಿನ ಅವನು ಭಾವನ ಬೆನ್ನಿಗೆ ಬಿದ್ದು ನಾಲ್ಕು ಮನೆ ಸುತ್ತಿದ. ಸಂಜೆ ಚಹಾ ಕುಡಿಯುತ್ತ ಅಂಕ ಓದಿದ.

"ಬ್ಯಾಟರಿ. ಭಾನುವಾರ ಚಾರ್ಜ್ ಮಾಡಿದ್ದು ಇನ್ನೂ ಅರ್ಧ ಇದೆ. ಹತ್ತಕ್ಕೆ ಹತ್ತು."

ಪ್ಲಂಬರ್ ಹೆಂಡತಿಯ ಕಡೆ ನೋಡಿ ಮೀಸೆ ಸವರಿಕೊಂಡ.

"ಟಾರ್ಚು, ಎಂಟು."

"ಎರಡು ಯಾಕೆ ಕಡಿತ?"

"ಜೇಬಲ್ಲಿ ತಾನಾಗೇ ಹತ್ತಿಕೊಳ್ಳುತ್ತೆ ಭಾವ. ಆ ಎರಡನೇ ಮನೆಯಲ್ಲಿ ನಿಮ್ಮ ಪ್ಯಾಂಟಿನಿಂದ ಬೆಳಕು ಬರ್ತಿತ್ತು. ಮಕ್ಕಳು ಹೆದರಿಕೊಂಡ್ವು."

"ಅದು ಅದರ ಒಳ್ಳೆತನ. ಕೇಳೋ ಮೊದಲೇ ಕೆಲಸ ಮಾಡುತ್ತೆ."

"ಕ್ಯಾಮೆರಾ." ಭಾಮೈದ ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಓರೆ ಮಾಡಿ ನೋಡಿದ. "ಇದೇನು ಭಾವ, ಬೆಕ್ಕಾ?"

"ಗೀಸರ್ ಕೆಳಗಿನ ವಾಲ್ವು."

"ಅರ್ಧ ಅಂಕ."

"ಅರ್ಧ ಜಾಸ್ತಿ ಆಯ್ತು" ಎಂದಳು ಅಕ್ಕ, ಅಡುಗೆಮನೆಯಿಂದಲೇ.

ದಾರಿ ತೋರಿಸುವ ನಕ್ಷೆಗೆ ಸೊನ್ನೆ. ದಾರಿ ಬೇಕಾದರೆ ಬಾಯಿಬಿಟ್ಟು ಕೇಳಿದರಾಯಿತು, ಅದಕ್ಕೆ ಫೋನು ಯಾಕೆ ಅಂತ ಪ್ಲಂಬರ್ ವಾದಿಸಿದರೂ ಅಂಕ ಏರಲಿಲ್ಲ. ಅವತ್ತು ಅವನಿಗೆ ಊಟ ಸೇರಲಿಲ್ಲ. ತನ್ನ ಮಗ ಫೇಲಾದ ಪಟ್ಟಿಯನ್ನು ಯಾರೋ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿದ ಹಾಗಾಗಿತ್ತು.

ಮರುದಿನ ಬುಧವಾರ, ಟ್ಯಾಂಕ್ ಅಜ್ಜಿಯ ಮನೆಯಲ್ಲಿ ಕೆಲಸ. ಭಾಮೈದನೂ ಜೊತೆಗೆ ಹೊರಟ. ಅಜ್ಜಿ ಮೂವತ್ತು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ಈಗ ಎರಡನೇ ಮಹಡಿಯಲ್ಲಿ ಮಗಳ ಜೊತೆ ಇದ್ದರು. ಮಗಳು ಬೆಳಗ್ಗೆ ಆಸ್ಪತ್ರೆಯ ಲ್ಯಾಬಿಗೆ ಹೋದರೆ ಸಂಜೆಯೇ ಬರುವುದು. ಅಜ್ಜಿಗೆ ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಚುರುಕು. ಕಟ್ಟಡದ ಮೇಲಿನ ನೀರಿನ ಟ್ಯಾಂಕು ತುಂಬಿ ಹರಿದಾಗಲೆಲ್ಲ ಪ್ಲಂಬರನನ್ನು ಕರೆಸಿ, ಟ್ಯಾಂಕಿನಿಂದ ಶುರು ಮಾಡಿ ಪ್ರಪಂಚದವರೆಗೆ ವಿಚಾರಿಸಿಯೇ ಕಳಿಸುತ್ತಿದ್ದರು. ಹೀಗೆ ಆ ಹೆಸರು ಬಂದಿತ್ತು.

ಅವತ್ತು ಕೆಟ್ಟಿದ್ದು ಫ್ಲಶ್ಶು. ಪ್ಲಂಬರ್ ಎರಡೂ ಕೈಯನ್ನು ನೀರಿನ ಡಬ್ಬಿಯೊಳಗೆ ಇಳಿಬಿಟ್ಟಿದ್ದಾಗ ಫೋನು ಹೊಡೆದುಕೊಂಡಿತು. ಒಂದು ಕೈ ಹೊರಗೆಳೆದು, ಒದ್ದೆ ಬೆರಳಿನಿಂದಲೇ ಹಸಿರು ಗುಂಡಿ ಒತ್ತಿ, ಫೋನನ್ನು ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡ. ಅದರಲ್ಲಿ ಸ್ಪೀಕರ್ ಹಾಕುವ ಪ್ರಮೇಯವೇ ಇರಲಿಲ್ಲ. ಹಾಕದಿದ್ದರೂ ಬೀದಿಗೆ ಕೇಳಿಸುತ್ತಿತ್ತು.

"ರೀ, ಇನ್ನೂ ಆ ಟ್ಯಾಂಕ್ ಅಜ್ಜಿ ಮನೇಲೇ ಇದ್ದೀರಾ?" ಹೆಂಡತಿಯ ದನಿ ಬಚ್ಚಲಿನ ಟೈಲ್ಸಿಗೆ ಬಡಿದು ಹಾಲಿಗೆ ಹರಿಯಿತು. "ಅವರು ಮಾತಿಗೆ ಹಿಡಿದರೆ ಸಂಜೆ ಆಗುತ್ತೆ. ಹೊಟ್ಟೆ ನೋವು ಅಂತ ಏನಾದ್ರೂ ಸುಳ್ಳು ಹೇಳಿ ಬಂದುಬಿಡಿ!"

ಹಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಪ್ಲಂಬರ್ ನಾಲಿಗೆ ಕಚ್ಚಿಕೊಂಡ. ಭಾಮೈದ ಗೋಡೆಯ ಕಡೆ ತಿರುಗಿ ಟೈಲ್ಸ್ ಎಣಿಸುವವನ ಹಾಗೆ ನಿಂತ. ಅಜ್ಜಿ ಬಾಗಿಲಿಗೆ ಬಂದರು.

"ಯಾರದು?"

"ನನ್ನ ಹೆಂಡತಿ ಅಜ್ಜಿ. ಅವಳು ಬೇರೆ ಯಾರದೋ ಟ್ಯಾಂಕು..."

"ಇಲ್ಲಿ ಕೊಡು." ಅಜ್ಜಿ ಅವನ ಭುಜದಿಂದ ಫೋನು ಕಿತ್ತುಕೊಂಡು ಕಿವಿಗೆ ಒತ್ತಿದರು. "ಏನಮ್ಮಾ, ನಾನು ಮಾತಿಗೆ ಹಿಡಿದರೆ ಸಂಜೆ ಆಗುತ್ತಾ?"

ಆ ಕಡೆಯಿಂದ ಸಣ್ಣಗೆ, "ಇಲ್ಲ ಅಮ್ಮಾ, ನಾನು ಸುಮ್ಮನೆ..."

"ಸುಮ್ಮನೆ ಅಂದೆ ಅಲ್ವಾ? ಅದೂ ಕೇಳಿಸ್ತು!" ಅಜ್ಜಿಯ ಮುಖ ಅರಳಿತು. "ಅಕ್ಷರ ಅಕ್ಷರ ಕೇಳಿಸ್ತಿದೆ! ಇನ್ನೂ ಏನಾದ್ರೂ ಬೈಯಮ್ಮಾ!"

ಹೆಂಡತಿ ಬೈಯಲಿಲ್ಲ. ಆದರೆ ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು. ಫ್ಲಶ್ಶು ರಿಪೇರಿ ಮುಗಿದರೂ ಮಾತು ಮುಗಿಯಲಿಲ್ಲ. ಫೋನು ಇಳಿಸಿದ ಮೇಲೆ ಅಜ್ಜಿ ಬೀರುವಿನಿಂದ ಕನ್ನಡಿಯಂತೆ ಹೊಳೆಯುವ ಹೊಸ ಫೋನು ತಂದರು. ಮಗಳು ಕೊಡಿಸಿದ್ದು. "ಇದರಲ್ಲಿ ಎಲ್ಲರೂ ನೀರೊಳಗೆ ಕೂತು ಮಾತಾಡಿದ ಹಾಗೆ ಕೇಳಿಸುತ್ತೆ. ಎರಡು ವರ್ಷದಿಂದ ಎಲ್ಲದಕ್ಕೂ ಹೂಂ ಅಂತಿದ್ದೀನಿ. ಯಾವುದಕ್ಕೆ ಒಪ್ಪಿಕೊಂಡಿದ್ದೀನೋ ದೇವರಿಗೇ ಗೊತ್ತು. ಇದನ್ನ ನೀನು ಇಟ್ಕೋ. ಅದನ್ನ ನನಗೆ ಕೊಡು."

ಭಾಮೈದನ ಕಣ್ಣು ಹೊರಗೇ ಬಂತು. "ಭಾವ, ಸುಮ್ಮನೆ ಹೂಂ ಅನ್ನಿ" ಎಂದು ಪಕ್ಕೆಗೆ ತಿವಿದ. ಅಂಕ ಕಳೆದುಕೊಂಡ ಫೋನನ್ನು ಒಬ್ಬರಾದರೂ ಹೀಗೆ ಮೆಚ್ಚಿದರಲ್ಲ ಎಂಬ ಖುಷಿಯಲ್ಲಿ ಪ್ಲಂಬರ್ ಹೂಂ ಅಂದೇಬಿಟ್ಟ.

ಸಿಮ್ ಬದಲಿಸಲು ಹೋದಾಗ ತೊಡಕಾಯಿತು. ಅವನದು ದೊಡ್ಡ ಸಿಮ್ಮು, ಅವರದು ಉಗುರಿನಷ್ಟು. ಒಂದು ಇನ್ನೊಂದರಲ್ಲಿ ಕೂರಲಿಲ್ಲ. "ಕತ್ತರಿಸೋ ಯಂತ್ರ ನಮ್ಮ ಅಂಗಡಿಯಲ್ಲಿದೆ. ಸೋಮವಾರ ತರ್ತೀನಿ. ಅಲ್ಲಿವರೆಗೆ ಭಾವನ ನಂಬರು ಅಜ್ಜಿ ಹತ್ರ, ಅಜ್ಜಿ ನಂಬರು ಭಾವನ ಹತ್ರ. ಯಾರಾದ್ರೂ ಫೋನ್ ಮಾಡಿದ್ರೆ ಒಬ್ಬರಿಗೊಬ್ಬರು ಹೇಳಿದರಾಯಿತು" ಎಂದ ಭಾಮೈದ, ಇದೇನು ಮಹಾ ಎನ್ನುವ ಹಾಗೆ.

ಗುರುವಾರ ಬೆಳಗ್ಗೆ ಪ್ಲಂಬರ್ ಒಂದು ಸಿಂಕಿನ ಕೆಳಗೆ ಅಂಗಾತ ಮಲಗಿದ್ದ. ಹೊಸ ಫೋನು ಹಾಡತೊಡಗಿತು. ಎತ್ತಿಕೊಳ್ಳಲು ಬೆರಳಿನಿಂದ ಸವರಬೇಕು ಅಂತ ಭಾಮೈದ ಹೇಳಿಕೊಟ್ಟಿದ್ದ. ಸವರಿದ. ಬೆರಳು ಒದ್ದೆ, ಫೋನು ಕೇರ್ ಮಾಡಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿದ, ಪ್ಯಾಂಟೂ ಒದ್ದೆ. ಅಂಗಿಗೆ ಒರೆಸಿದ, ಅದರ ಕಥೆಯೂ ಅದೇ. ಮೈಯಲ್ಲಿ ಒಣಗಿದ್ದ ಭಾಗ ಒಂದೇ ಒಂದು, ಮೂಗು. ಮೂಗಿನಿಂದ ಸವರಿದ. ಫೋನು ಒಪ್ಪಿಕೊಂಡಿತು. ಅದು ವಿಡಿಯೋ ಕರೆ.

ಫೋನು ಕೈ ಬದಲಾದದ್ದನ್ನು ಅಜ್ಜಿ ಮಗಳಿಗೆ ಇನ್ನೂ ಹೇಳಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಅಮ್ಮನ ಮುಖಕ್ಕಾಗಿ ಕಾಯುತ್ತಿದ್ದ ಅವಳಿಗೆ, ಪರದೆಯ ತುಂಬ ಎರಡು ಮೂಗಿನ ಹೊಳ್ಳೆ ಕಂಡವು.

"ಅಮ್ಮಾ!" ಎಂದು ಕಿರುಚಿದಳು. ಮತ್ತೆ ನೋಡಿ, "ಯಾರ್ರೀ ನೀವು? ನಮ್ಮಮ್ಮ ಎಲ್ಲಿ?"

"ಗಾಬರಿ ಆಗಬೇಡಿ ಮೇಡಂ, ನಾನು ಪ್ಲಂಬರು. ನಿಮ್ಮಮ್ಮ ನನ್ನ ಫೋನಲ್ಲಿದ್ದಾರೆ."

ಈ ಮಾತಿನಿಂದ ಗಾಬರಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಎಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಸಿಂಕಿನ ನೀರೆಲ್ಲ ಅವನ ಎದೆಯ ಮೇಲಿತ್ತು. ಮಗಳು ಪ್ಲಂಬರನ ನಂಬರಿಗೆ ಫೋನು ಮಾಡಿ ಅಮ್ಮನ ಜೊತೆ ಮಾತಾಡಿ, ಹತ್ತು ನಿಮಿಷಕ್ಕೇ ಮತ್ತೆ ಅವನಿಗೆ ಕರೆ ಮಾಡಿದಳು. "ಅಮ್ಮ ನನ್ನ ಮಾತಿಗೆ ಸರಿಯಾದ ಉತ್ತರ ಕೊಟ್ಟರು" ಎಂದಳು, ನಂಬಲಾಗದ ದನಿಯಲ್ಲಿ. "ಊಟ ಆಯ್ತಾ ಅಂದ್ರೆ ಊಟದ ಬಗ್ಗೇನೇ ಹೇಳಿದ್ರು."

ಶುಕ್ರವಾರದ ಹೊತ್ತಿಗೆ ಪ್ಲಂಬರ್ ಸುಸ್ತಾಗಿದ್ದ. ಅಜ್ಜಿಯ ಗೆಳತಿಯರು ಮೊಣಕಾಲು ನೋವಿಗೆ ಸಲಹೆ ಕೇಳುತ್ತಿದ್ದರು. ಅವನಿಗೆ ಗೊತ್ತಿದ್ದ ಗಿರಾಕಿಗಳ ನಂಬರೆಲ್ಲ ಹಳೇ ಫೋನಿನಲ್ಲಿ. ಒಂದೊಂದಕ್ಕೂ ಅಜ್ಜಿಗೇ ಫೋನು ಮಾಡಬೇಕು.

"ಅಜ್ಜಿ, ಆ ಬೇಕರಿಯವರ ನಂಬರು ಬೇಕಿತ್ತು."

"ಬೇಕರಿ ಅಂತ ಯಾವುದೂ ಇಲ್ಲವಲ್ಲಪ್ಪ. ಏನಂತ ಬರೆದಿದ್ದೀಯ?"

ಪ್ಲಂಬರ್ ದನಿ ತಗ್ಗಿಸಿದ. "ಬನ್ ಬೊಕ್ಕತಲೆ ಅಂತ ನೋಡಿ."

ಆ ಕಡೆಯಿಂದ ಬಂದ ನಗು ಹೊಸ ಫೋನಿನಲ್ಲೂ ಸ್ಪಷ್ಟವಾಗಿ ಕೇಳಿಸಿತು. "ಇದೆ ಇದೆ. ಇದರ ಪಕ್ಕ 'ಬಾತ್ರೂಮ್ ಭಾಗವತರು' ಯಾರು?"

"ಒಳಗೆ ಹಾಡ್ತಾರೆ ಅಜ್ಜಿ. ಬಾಗಿಲು ತೆಗೆಯಲ್ಲ."

"'ಮೂರನೇ ಮಹಡಿ ಮೂಗುದಾರ'?"

"ಗಂಡ ಮಾತಾಡಂಗಿಲ್ಲ, ಹೆಂಡತಿದೇ ನಡೆಯುತ್ತೆ."

"ಹೂಂ." ಅಜ್ಜಿ ಪಟ್ಟಿ ಓದುವುದನ್ನು ಬಿಟ್ಟರು. "ಒಂದು ಮಾತು ಕೇಳ್ತೀನಿ. ನೀನು ನನ್ನ ನಂಬರಿನಿಂದ ಫೋನ್ ಮಾಡಿದಾಗೆಲ್ಲ ಇಲ್ಲಿ ಒಂದು ಹೆಸರು ಬರುತ್ತೆ. 'ಟ್ಯಾಂಕ್ ಅಜ್ಜಿ ಹುಷಾರ್' ಅಂತ. ಈ ಹುಷಾರ್ ಯಾಕೆ?"

ಪ್ಲಂಬರನ ಮುಖ ಇಂಗು ತಿಂದ ಮಂಗನಂತಾಯಿತು. ಬುಧವಾರದಿಂದ ತಾನು ಇಪ್ಪತ್ತು ಸಲ ಫೋನು ಮಾಡಿದ್ದು, ಇಪ್ಪತ್ತು ಸಲವೂ ಆ ಹೆಸರು ಅವರ ಕಣ್ಣೆದುರು ಕುಣಿದದ್ದು ಒಟ್ಟಿಗೆ ಹೊಳೆಯಿತು.

"ನೀವು ಹುಷಾರಾಗಿರಲಿ ಅಂತ ಅಜ್ಜಿ. ಆರೋಗ್ಯ..."

"ಸುಳ್ಳು ಹೇಳೋಕೆ ನಿನ್ನ ಹೆಂಡತಿ ಹತ್ರ ಇನ್ನೂ ಕಲಿಯೋದಿದೆ" ಎಂದು ಅಜ್ಜಿ ಫೋನು ಇಟ್ಟರು. ಕೋಪ ಮಾಡಿಕೊಂಡರೋ ಇಲ್ಲವೋ ತಿಳಿಯದೆ ಅವನು ಎರಡು ದಿನ ಅವರಿಗೆ ಕರೆ ಮಾಡುವ ಧೈರ್ಯ ಮಾಡಲಿಲ್ಲ. ವಿಚಿತ್ರವೆಂದರೆ ಕೆಲಸ ಮಾತ್ರ ತಪ್ಪಲಿಲ್ಲ. ಅಜ್ಜಿ ಅವನ ಹೆಂಡತಿಗೆ ಫೋನು ಮಾಡಿ ಇಂಥ ಹೊತ್ತಿಗೆ ಇಂಥ ಮನೆ ಅಂತ ಹೇಳುತ್ತಿದ್ದರು. ಅವಳು ಚೀಟಿಯಲ್ಲಿ ಬರೆದು ಅವನ ಕೈಗಿಡುತ್ತಿದ್ದಳು. ಅವರಿಬ್ಬರ ನಡುವೆ ಅಷ್ಟರಲ್ಲಿ ಸಲಿಗೆ ಬೆಳೆದು, ದಿನಕ್ಕೆ ಎರಡು ಸಲ ಮಾತಾಡದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ.

ಸೋಮವಾರ ಪ್ಲಂಬರ್, ಸಿಮ್ ಕತ್ತರಿಸುವ ಯಂತ್ರ ಹಿಡಿದ ಭಾಮೈದನನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದ. ದಾರಿಯಲ್ಲೇ ತೀರ್ಮಾನ ಹೇಳಿದ. "ಏನೂ ಕತ್ತರಿಸೋದು ಬೇಡ. ನನಗೆ ನನ್ನದೇ ವಾಪಸ್ ಬೇಕು. ಒದ್ದೆ ಕೈಗೆ ಮರ್ಯಾದೆ ಕೊಡದ ಫೋನು ಪ್ಲಂಬರಿಗೆ ಯಾಕೆ? ನಿನ್ನ ಪುಸ್ತಕದಲ್ಲಿ ಅದಕ್ಕೊಂದು ಅಂಕ ಇದೆಯಾ?"

ಭಾಮೈದ ಪುಟ ತಿರುವಿ, ಇಲ್ಲ ಎಂದು ಒಪ್ಪಿಕೊಂಡ. ನಡೆಯುತ್ತಲೇ ಪೆನ್ನು ತೆಗೆದು "ಒದ್ದೆ ಕೈ: ಹತ್ತಕ್ಕೆ ಹತ್ತು" ಎಂದು ಬರೆದ. ಅದರ ಕೆಳಗೆ "ಮಾತು ಕೇಳಿಸುವುದು" ಎಂದು ಬರೆದು, ಎಷ್ಟು ಕೊಡಬೇಕೆಂದು ಹೊಳೆಯದೆ ಪೆನ್ನು ಕಚ್ಚಿದ.

ಅಜ್ಜಿ ಮೇಜಿನ ಮುಂದೆ ಕೂತಿದ್ದರು. ಮುಂದೆ ಹಳೇ ಫೋನು, ಗೆರೆ ಎಳೆದ ದಪ್ಪ ಪುಸ್ತಕ, ಕೆಂಪು ಮತ್ತು ನೀಲಿ ಪೆನ್ನು. ವಿಚಾರಣೆ ಕಿಟಕಿಯೊಂದೇ ಕಡಿಮೆ. ಪ್ಲಂಬರ್ ಬಂದ ಕೆಲಸ ಹೇಳಿದಾಗ ಅವರು ಫೋನನ್ನು ಅವನ ಕಡೆ ತಳ್ಳಿದರು. "ತಗೋಪ್ಪ. ನಿನ್ನದು ನಿನಗೆ" ಎಂದು ಪುಸ್ತಕ ಮುಚ್ಚಿದರು. ಮುಚ್ಚಿದ ಕೈ ಪುಸ್ತಕದ ಮೇಲೇ ಉಳಿಯಿತು. "ಐದು ದಿನ ಚೆನ್ನಾಗಿತ್ತು. ಎಷ್ಟು ಜನ, ಎಷ್ಟು ಮಾತು."

ಪ್ಲಂಬರ್ ಫೋನು ಎತ್ತಿಕೊಂಡ. ಬೆರಳಿಗೆ ಪರಿಚಿತವಾದ ಗುಂಡಿಗಳು, ಪರಿಚಿತವಾದ ಟೇಪು. ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋದ. ಹೋದವನು ತಲೆ ಕೆರೆದುಕೊಳ್ಳುತ್ತ ನಿಂತ.

"ಅಜ್ಜಿ, ಕೆಲಸ ಮಾಡುವಾಗ ಫೋನ್ ಬಂದರೆ ನನಗೆ ಅರ್ಧ ಕೇಳಿಸುತ್ತೆ, ಅರ್ಧ ಮರೆತುಹೋಗುತ್ತೆ. ನೀವೇ ಇಟ್ಕೊಂಡು ಕರೆ ತಗೊಂಡರೆ... ಬೇಜಾರಾಗದಿದ್ದರೆ..."

"ನನಗೇನು ಬೇರೆ ಕೆಲಸ ಇಲ್ಲ ಅಂದ್ಕೊಂಡಿದ್ದೀಯಾ?" ಎಂದು ಅಜ್ಜಿ ಗದರಿದರು. ಗದರುತ್ತಲೇ ಕೈ ಚಾಚಿದ್ದರು.

ಹೊಸ ಫೋನು ಮಗಳ ಪಾಲಾಯಿತು. ಭಾಮೈದ ಅಂಗಡಿಯ ಹಿಂದಿನ ಡಬ್ಬಿ ಕೆದಕಿ ಪ್ಲಂಬರನಿಗೆ ಇನ್ನೊಂದು ಗುಂಡಿ ಫೋನು ತಂದುಕೊಟ್ಟ. ಅದರ ಹೊಸ ನಂಬರು ಗೊತ್ತಿದ್ದದ್ದು ಇಬ್ಬರೇ ಹೆಂಗಸರಿಗೆ, ಹೆಂಡತಿಗೆ ಮತ್ತು ಅಜ್ಜಿಗೆ. "ಮತ್ತೆ ಗುಂಡೀನಾ!" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು, ಆದರೆ ಸೋಪಿನ ಹೆಸರನ್ನು ಈಗ ಅಜ್ಜಿಯ ಮೂಲಕ ಹೇಳಿಸುತ್ತಿದ್ದರಿಂದ ತಪ್ಪು ಸೋಪು ತರುವ ಧೈರ್ಯ ಅವನಿಗಿರಲಿಲ್ಲ.

ಮುಂದಿನ ವಾರ ಒಂದು ಬೆಳಗ್ಗೆ ಅವನು ಪಟ್ಟಿ ಕೇಳಲು ಅಜ್ಜಿಗೆ ಕರೆ ಮಾಡಿದ. ಅಜ್ಜಿ ಐದು ಮನೆ ಓದಿದರು. "ಬ್ಯಾಂಕಿನ ಪಕ್ಕದ ಮನೆಯವರನ್ನ ಮಾತ್ರ ಗುರುವಾರಕ್ಕೆ ಹಾಕಿದ್ದೀನಿ" ಎಂದರು.

"ಅಯ್ಯೋ, ಅವರ ಪೈಪು ಒಡೆದಿದೆ ಅಂತ ನೀವೇ ನನ್ನ ಹೆಂಡತಿಗೆ ಹೇಳಿದ್ರಂತಲ್ಲ ಅಜ್ಜಿ!"

"ಒಡೆದಿದೆ. ಆದರೆ ಏಯ್ ಅಂತ ಮಾತು ಶುರು ಮಾಡಿದ. ನಾನು ಮೂವತ್ತು ವರ್ಷ ಕಿಟಕಿಯಲ್ಲಿ ಕೂತವಳು, ಏಯ್ ಅನ್ನೋರಿಗೆ ಬಸ್ಸು ಯಾವತ್ತೂ ಹೊರಟುಹೋಗಿರುತ್ತೆ."

"ಮನೆಯೆಲ್ಲ ನೀರಾಗುತ್ತೆ ಅಜ್ಜಿ!"

"ಆಗಲ್ಲ. ಮೆಟ್ಟಿಲ ಕೆಳಗಿನ ಮುಖ್ಯ ವಾಲ್ವು ಬಲಕ್ಕೆ ತಿರುಗಿಸಿ ಮುಚ್ಚು ಅಂತ ಹೇಳಿಕೊಟ್ಟಿದ್ದೀನಿ. ಮುಚ್ಚಿಕೊಂಡಿದ್ದಾನೆ. ಈಗ ಬಕೆಟ್ಟಲ್ಲಿ ನೀರು ಹೊತ್ತುಕೊಂಡು ಮರ್ಯಾದೆ ಕಲೀತಿದ್ದಾನೆ. ನೀನು ಮೊದಲು ಆ ಬೇಕರಿಗೆ ಹೋಗು. ಪಾಪ, ಒಳ್ಳೆಯ ಮನುಷ್ಯ, ಅವರ ಹೆಸರು ಬದಲಾಯಿಸಿದ್ದೀನಿ."

"ಏನಂತ?"

"ಕೆಲಸ ನೋಡು ಹೋಗು, ಹೊತ್ತಾಯಿತು" ಎಂದು ಅಜ್ಜಿ ಫೋನು ಇಟ್ಟರು. ಪ್ಲಂಬರ್ ಪೈಪು, ಪಾನಾ ಎಲ್ಲ ಎತ್ತಿಕೊಂಡು ಬೇಕರಿಯ ಕಡೆ ಬಿರಬಿರನೆ ನಡೆದ.