ಟ್ರೇಯಲ್ಲಿದ್ದ ತಿಳಿನೀರು

ಟೊಮೆಟೊ ಗಿಡ ಸಾಯಿಸಲು ಸಂಬಳ ಪಡೆಯುತ್ತಿದ್ದವರು ಆ ಕೃಷಿ ವಿಶ್ವವಿದ್ಯಾಲಯದಲ್ಲಿ ಒಬ್ಬರೇ. ವಿದ್ಯಾರ್ಥಿಗಳು ಅವರನ್ನು ಸೊರಗು ಮೇಡಂ ಎನ್ನುತ್ತಿದ್ದರು. ಸೊರಗು ರೋಗ ತುಂಬಿದ ಮಣ್ಣಿನಲ್ಲಿ ಸಸಿ ನೆಟ್ಟು, ಸಾಯುವಷ್ಟು ಸಾಯಲು ಬಿಟ್ಟು, ಜಗ್ಗದೆ ನಿಂತವುಗಳ ಬೀಜ ಕಾಪಾಡುವುದು ಅವರ ಸಂಶೋಧನೆ. ಆ ತಾಕಿನ ಮಣ್ಣು ಚಪ್ಪಲಿಗಂಟಿ ಆಚೆ ಹೋದರೆ, ಹೋದ ಕಡೆ ತೋಟಕ್ಕೆ ತೋಟವೇ ಮಲಗೀತು. ಅದಕ್ಕೇ ತಾಕಿನ ಬೇಲಿಬಾಗಿಲಲ್ಲಿ ಅಗಲವಾದ ಟ್ರೇ. ಹೊರಬರುವವರೆಲ್ಲ ಅದರ ಔಷಧಿ ನೀರಿನಲ್ಲಿ ಕಾಲದ್ದಿಯೇ ಬರಬೇಕು. ಕುಲಪತಿಗಳಾದರೂ ಅಷ್ಟೆ.

ರೈತರು ತಾಕು ನೋಡಲು ಬಂದ ದಿನ ಮೇಡಂ ಸೊಗಸಾಗಿ ಮಾತಾಡಿದರು. ಸಸಿಗಳಿಗಿಂತ ಟ್ರೇಯನ್ನೇ ಹೆಚ್ಚು ಹೊಗಳಿದರು. ರೈತರು ಸಾಲಾಗಿ ಬಂದು ಚಪಚಪ ಕಾಲದ್ದಿ ಊಟದ ಶಾಮಿಯಾನದತ್ತ ನಡೆದರು.

"ಬಹಳ ಶಿಸ್ತು," ಎಂದರು ವಿಭಾಗದ ಮುಖ್ಯಸ್ಥರು. ಮೇಡಂ ಅವರ ಬಡ್ತಿ ಈ ಮಹಾನುಭಾವರ ಕೈಯಲ್ಲಿದ್ದುದರಿಂದ ಆ ಮಾತು ಕಿವಿಗೆ ಜೇನಿನಂತೆ ಬಿತ್ತು.

ಆಮೇಲೆ ಮೇಡಂ ಟ್ರೇ ನೋಡಿದರು. ಔಷಧಿ ಬೆರೆತರೆ ನೀರು ನೇರಳೆಯಾಗಬೇಕು. ಮೂಲೆಯಲ್ಲಿ ಕೆಸರು ಕದಡಿತ್ತೇ ಹೊರತು, ಉಳಿದಂತೆ ಕುಡಿಯಬಹುದಾದಷ್ಟು ತಿಳಿನೀರು. ಬೆಳಿಗ್ಗೆ ಭಾಷಣ ಉರುಹೊಡೆಯುವ ಭರದಲ್ಲಿ ಪುಡಿ ಬೆರೆಸುವುದನ್ನೇ ಮರೆತಿದ್ದರು. ಪೊಟ್ಟಣ ಅವರದೇ ಬ್ಯಾಗಿನಲ್ಲಿ, ಬಾಚಣಿಗೆಯ ಪಕ್ಕ ಬೆಚ್ಚಗೆ ಕುಳಿತಿತ್ತು.

ಹೇಳಿದರೆ ಬಡ್ತಿ ಗೋವಿಂದ. ಹೇಳದಿದ್ದರೆ? ರೈತರ ನಡುವೆ ಅವರ ಒಡಹುಟ್ಟಿದ ಅಕ್ಕನೇ ಇದ್ದಳು. ಅವಳ ಬದುಕೆಲ್ಲ ಟೊಮೆಟೊ ಬೆಳೆ. ಮೇಡಂ ಶಾಮಿಯಾನಕ್ಕೆ ಓಡಿದರು.

"ಯಾಕೇ, ಮುಖ ನಿನ್ನ ಗಿಡದ ಥರ ಆಗಿದೆ?" ಎಂದಳು ಅಕ್ಕ.

"ಅಕ್ಕಾ, ಚಪ್ಪಲಿ ಬಿಚ್ಚು."

"ಇದೊಳ್ಳೇ ಕಥೆ! ನಿನ್ನೆ ತಾನೇ ತಗೊಂಡಿರೋದು ಕಣೇ."

"ಬಿಚ್ಚು ಅಂದ್ನಲ್ಲ. ಆ ನೀರಿಗೆ ಔಷಧೀನೇ ಹಾಕಿಲ್ಲ. ಮರೆತುಬಿಟ್ಟೆ."

ಅಕ್ಕ ರೇಗಿದಳು. "ನಿನ್ನ ಓದಿಗಿಷ್ಟು ಬೆಂಕಿ ಹಾಕ! ನನ್ನ ಹತ್ರ ಪಿಸುಗುಟ್ಟಿದ್ರೆ ಏನು ಬಂತು? ಮೈಕಿನಲ್ಲಿ ಹೇಳು, ಹೋಗು."

ಮೇಡಂ ಹೇಳಿದರು. ಮುಖ್ಯಸ್ಥರ ಕೈಯಲ್ಲಿದ್ದ ತುತ್ತು ಬಾಯಿಯ ದಾರಿ ಮರೆತು ಅಲ್ಲೇ ನಿಂತಿತು. ರೈತರು ಗೊಣಗುತ್ತಲೇ ತಟ್ಟೆ ಬಿಟ್ಟು ಎದ್ದರು. ಮೇಡಂ ಟ್ರೇಗೆ ಪುಡಿ ಸುರಿದು ಕದಡಿ, ಎಲ್ಲರಿಂದಲೂ ಮತ್ತೆ ಕಾಲದ್ದಿಸಿದರು. ಅಂತೂ ನೇರಳೆ ಪಾದಗಳ ಸಾಲೊಂದು ಹುಲ್ಲಿನ ಮೇಲೆ ಒಣಗುತ್ತ ನಿಂತಿತು.

"ಎಲ್ಲರೂ ಬಂದ್ರಾ?" ಎಂದರು ಮೇಡಂ.

ಅಕ್ಕ ಸುತ್ತ ನೋಡಿದಳು. "ನಮ್ಮ ಪಕ್ಕದ ತೋಟದ ಅವಸರದಣ್ಣ ಇಲ್ಲ ಕಣೇ. ಊಟಾನೂ ಮಾಡ್ದೆ ಬೈಕ್ ಹತ್ತಿ ಹೋದ. ಇವತ್ತೇ ಸಸಿ ನಾಟಿ ಅಂತೆ, ತೋಟದಲ್ಲಿ ಆಳುಗಳು ಕಾಯ್ತಿದಾರಂತೆ."

ಅಕ್ಕನ ಫೋನಿನಿಂದ ಮೇಡಂ ಕರೆ ಮಾಡಿದರು. ರಿಂಗಾಗಿ ರಿಂಗಾಗಿ ಕಡಿದುಹೋಯಿತು. ಮತ್ತೆ ಒತ್ತಿದರು. ಕೊನೆಗೊಮ್ಮೆ ಆ ಕಡೆಯಿಂದ, "ಹೇಳಕ್ಕಾ."

"ಅಕ್ಕ ಅಲ್ಲ, ನಾನು ಯೂನಿವರ್ಸಿಟಿ ಮೇಡಂ. ಎಲ್ಲಿದೀರಾ?"

"ತೋಟದ ಬದು ಮೇಲೆ ಮೇಡಂ. ಈಗ ಒಳಗೆ ಇಳೀತಿದೀನಿ."

"ಇಳೀಬೇಡಿ! ಅಲ್ಲೇ ನಿಲ್ಲಿ!"

"ಒಂದು ಕಾಲು ಎತ್ತಾಗಿದೆಯಲ್ಲ ಮೇಡಂ," ಎಂದ ಅವಸರದಣ್ಣ. "ಅದನ್ನ ಎಲ್ಲಿ ಇಡಲಿ, ಬೇಗ ಹೇಳಿ."